ಬೀದಿಗೆ ಮುಖ ಮಾಡಿದ ಪಾಠ

ಸಾಲಹಳ್ಳಿಯ ಸತ್ಯವ್ವ ತನ್ನ ಮಗಳು ಮಾಲಾ ಬೇಡ ಎಂದದ್ದನ್ನೇ ಮಾಡುವ ಹುಡುಗಿ ಎಂದು ಸಿಕ್ಕಸಿಕ್ಕವರ ಮುಂದೆ ಹೇಳುತ್ತಿದ್ದಳು. ಅದು ಅರ್ಧ ನಿಜ. ಮಾಡು ಎಂದದ್ದನ್ನೂ ಮಾಲಾ ಮಾಡುತ್ತಿದ್ದಳು. ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದಳು, ಎಮ್ಮೆಯ ಮೈ ತಿಕ್ಕುತ್ತಿದ್ದಳು, ಶೇಂಗಾ ಬಿಡಿಸುತ್ತಿದ್ದಳು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಅಪ್ಪ ಶಟ್ಟೆಪ್ಪನ ಸೈಕಲ್ಲನ್ನು ಕದ್ದು ಹೊಡೆದದ್ದು ಮಾತ್ರ ಇಡೀ ಊರಿಗೆ ಕಂಡಿತು. ಇದು ತೊಂಬತ್ತರ ದಶಕದ ಮಾತು. ಸೀಟಿನ ಮೇಲೆ ಕುಳಿತರೆ ಕಾಲು ಎಟುಕದ ವಯಸ್ಸು. ಅಡ್ಡಪಟ್ಟಿಯ ಕೆಳಗೆ ಕಾಲು ತೂರಿಸಿ, ಅರ್ಧ ಜೋತುಬಿದ್ದು, ಊರಬಾಗಿಲ ಅಗಸಿಯಿಂದ ಹಳ್ಳದವರೆಗೆ ಹೋಗಿ ಬಂದಳು. ಮೊಣಕಾಲು ಕಿತ್ತಿತ್ತು. ಸತ್ಯವ್ವ ಒಂದು ಬಾರಿಸಿ, "ಹೆಣ್ಣ ಹುಡುಗಿ ಸೈಕಲ್ ಹೊಡೀತಾಳೇನ?" ಎಂದಳು. "ಹೊಡದ್ನಲ್ಲಾ" ಎಂದಳು ಮಾಲಾ. ಇನ್ನೊಂದು ಏಟು ಬಿತ್ತು.

ಅವಳು ಪೈಲಟ್ ಆಗಲು ಹೊರಟದ್ದೂ ಇದೇ ರೀತಿ. ರಾಮದುರ್ಗದ ಕಾಲೇಜಿನಲ್ಲಿ ಪಿಯುಸಿ ಸಾಯನ್ಸ್ ಮುಗಿಸಿದ ವರ್ಷ ನೋಟಿಸ್ ಬೋರ್ಡಿನ ಮೇಲೆ ಒಂದು ಪ್ರಕಟಣೆ ಅಂಟಿಸಿದ್ದರು. ಸರ್ಕಾರದ ವಿದ್ಯಾರ್ಥಿವೇತನದಲ್ಲಿ ವಿಮಾನ ಹಾರಿಸುವ ತರಬೇತಿ. ಅಲ್ಲಿ ನಿಂತಿದ್ದ ಒಬ್ಬ ಮಾಸ್ತರರು, "ಇದು ನಿಮ್ಮಂಥಾವ್ರಿಗಲ್ಲವಾ, ಮುಂದ ನಡಿ" ಎಂದರಂತೆ. ಅವರು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಮುಂದೆ ನಡೆದುಬಿಡುತ್ತಿದ್ದಳೋ ಏನೋ. ಅಂದ ಮೇಲೆ ಬಿಡುವುದುಂಟೇ? ಅರ್ಜಿ ಹಾಕಿದಳು, ಸೀಟು ಸಿಕ್ಕಿತು, ಬೆಂಗಳೂರಿನ ಒಂದು ಹಾರಾಟದ ಶಾಲೆ ಸೇರಿದಳು. ಸಣ್ಣ ವಿಮಾನದಲ್ಲಿ ಗುರುಗಳ ಪಕ್ಕ ಕುಳಿತು ಹಾರಿಯೂ ಬಂದಳು.

ಆಮೇಲೆ ಗಾಡಿ ನಿಂತಿತು. ಲೈಸೆನ್ಸ್ ಬೇಕಾದರೆ ಹಾರಲು ಬಂದರೆ ಸಾಲದು, ಮುಂಬೈಗೆ ಹೋಗಿ ಹಲವು ಪರೀಕ್ಷೆ ಬರೆಯಬೇಕು. ಮೋಡ-ಮಳೆಯ ಪರೀಕ್ಷೆ, ಹಾದಿ ಹುಡುಕುವ ಪರೀಕ್ಷೆ, ಕಾನೂನಿನ ಪರೀಕ್ಷೆ ಎಲ್ಲ ಪಾಸಾದಳು. ವಿಮಾನ ಗಾಳಿಯಲ್ಲಿ ಹೇಗೆ ನಿಲ್ಲುತ್ತದೆ ಎನ್ನುವ ಏರೋಡೈನಾಮಿಕ್ಸ್ ಪರೀಕ್ಷೆಯಲ್ಲಿ ಮಾತ್ರ ಎರಡು ಸಲ ಬಿದ್ದಳು. ಶಾಲೆಯವರು, ಇದನ್ನು ಪಾಸು ಮಾಡಿಕೊಂಡು ಬಾ, ಅಲ್ಲಿಯವರೆಗೆ ವಿಮಾನ ಮುಟ್ಟುವಂತಿಲ್ಲ ಎಂದು ಊರಿಗೆ ಕಳಿಸಿದರು. ಮುಂದಿನ ಪರೀಕ್ಷೆಯಲ್ಲಿ ಪಾಸಾಗದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತಿತ್ತು.

ಊರಿನಲ್ಲಿ ಅವಳಿಗಾಗಿ ಇನ್ನೊಂದು ಸೀಟು ಕಾದಿತ್ತು. ಸತ್ಯವ್ವನ ತವರು ಸವದತ್ತಿ ತಾಲೂಕಿನ ಮನೋಳಿ. ಅಲ್ಲಿ ಅವಳ ತಮ್ಮ ಶಂಕ್ರೆಪ್ಪ ಇದ್ದ. ನಮ್ಮ ಕಡೆ ಅಕ್ಕನ ಮಗಳ ಮೇಲೆ ಸೋದರಮಾವನಿಗೆ ಹಕ್ಕು. ಕೊಡುವುದಿಲ್ಲ ಎಂದರೆ ತವರಿನ ಬಾಗಿಲೇ ಮುಚ್ಚಿತು. ಮಾಲಾ ತೊಟ್ಟಿಲಲ್ಲಿದ್ದಾಗಲೇ, ಇನ್ನೂ ಗೋಲಿ ಆಡುತ್ತಿದ್ದ ಶಂಕ್ರೆಪ್ಪನ ಕೈಗೆ ಎಲೆ-ಅಡಿಕೆ ಇಟ್ಟು ಹಿರಿಯರು ಮಾತು ಮುಗಿಸಿದ್ದರು. ಈಗ ಅವನಿಗೆ ಮೂವತ್ತರ ಹತ್ತಿರ. ಸ್ವಂತ ಟ್ರ್ಯಾಕ್ಟರ್, ಹೊಳೆದಂಡೆಯ ಹೊಲ, ಕುಡಿತವಿಲ್ಲ, ಜೂಜಿಲ್ಲ. ಬೇರೆ ಕನ್ಯೆ ತೋರಿಸಲು ಬಂದವರನ್ನೆಲ್ಲ ವಾಪಸ್ಸು ಕಳಿಸಿ ಈ ಹುಡುಗಿಗಾಗಿ ಕಾದಿದ್ದ. ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಬೇಡವೆನ್ನುವುದು ಅವಳಿಗೆ ಎಷ್ಟೋ ಸುಲಭವಿತ್ತು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದರೆ, ಆಗ ರಾಮದುರ್ಗದ ಬಸ್ ಸ್ಟ್ಯಾಂಡಿನ ಎದುರು ಸೈಬರ್ ಕೆಫೆ ಇಟ್ಟುಕೊಂಡಿದ್ದವನು ನಾನೇ. ನನ್ನ ಹೆಸರು ಸುಭಾಸ. ಎರಡು ಸಾವಿರದ ಎಂಟನೇ ಇಸವಿ. ಬ್ರಾಡ್‌ಬ್ಯಾಂಡ್ ನಮ್ಮೂರಿಗೆ ಹೊಸದಾಗಿ ಬಂದಿತ್ತು. ಪ್ಲೈವುಡ್ಡಿನ ಗೂಡುಗಳು, ಪ್ರತಿ ಗೂಡಿಗೆ ಒಂದು ಕಂಪ್ಯೂಟರ್, ಒಂದು ಹೂವಿನ ಪರದೆ. ಆ ಪರದೆಗಳ ಹಿಂದೆ ನಮ್ಮೂರಿನ ಹುಡುಗರು ಏನು ಓದುತ್ತಿದ್ದರು ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ನನ್ನ ಬಾಯಿ ಸ್ವಲ್ಪ ಹರಿತ, ಆದರೆ ಹೊಟ್ಟೆಪಾಡಿನ ವಿಷಯದಲ್ಲಿ ಮುಚ್ಚಿಯೇ ಇರುತ್ತಿತ್ತು.

ಮಾಲಾ ಒಂದು ದಿನ ಬಂದು, "ಅಣ್ಣಾರ, ಇದರಾಗ ವಿಮಾನದ ಪಾಠ ಸಿಗತಾವಂತ, ವಿಡಿಯೋ. ತೋರಸ್ರಿ" ಎಂದಳು. ಹುಡುಕಿದೆವು. ಯಾವುದೋ ದೇಶದ ಒಬ್ಬ ಮುದುಕ ಮಾಸ್ತರ ಹಲಗೆಯ ಮುಂದೆ ನಿಂತು ಪಾಠ ಹೇಳುತ್ತಿದ್ದ. ಹಳೆಯ ಅಂಗಿ, ಮೂಗಿನ ತುದಿಯಲ್ಲಿ ಚಾಳೀಸು, ಕೈತುಂಬ ಸುಣ್ಣದಕಡ್ಡಿಯ ಪುಡಿ. ಇಂಗ್ಲಿಷನ್ನು ಅರ್ಧ ನುಂಗಿ ಅರ್ಧ ಆಡುತ್ತಿದ್ದ. ನಮ್ಮ ಲೈನು ಅವನ ಉಳಿದರ್ಧವನ್ನೂ ನುಂಗುತ್ತಿತ್ತು. ಒಂದು ಮಾತು ಬರುವುದು, ನಡುವೆ ಚಕ್ರ ತಿರುಗುತ್ತ ಕೂರುವುದು, ಮಾಸ್ತರ ಬಾಯಿ ತೆರೆದುಕೊಂಡು ಕಾಯುವುದು. ಮಾಲಾ ಬೇಸರಪಡದೆ ತಾನೂ ಕಾಯುತ್ತಿದ್ದಳು.

"ಎರಡ ಸಲ ಯಾಕ ಬಿದ್ದಿ ತಂಗಿ?" ಎಂದು ನಾನು ಕೇಳಿದೆ.

"ಪ್ರಶ್ನೋತ್ತರದ ಪುಸ್ತಕ ಬಾಯಿಪಾಠ ಮಾಡಿ ಹೋಗಿದ್ನಿರಿ. ನಂಗ ಎಲ್ಲಾ ಉತ್ತರ ಗೊತ್ತಿದ್ದುವು. ಅವರು ಪ್ರಶ್ನಿ ಬದಲ ಮಾಡಿಬಿಟ್ರು" ಎಂದು ನಕ್ಕಳು. ನಗುವಿನ ಹಿಂದೆ ಸಂಕಟ ಇತ್ತು.

ಒಳ್ಳೆಯ ಲೈನಿದ್ದದ್ದು ಕೊನೆಯ ಗೂಡಿನ ಕಂಪ್ಯೂಟರಿಗೆ. ದಿನಾ ಮುಂಜಾನೆ ಸಾಲಹಳ್ಳಿಯ ಬಸ್ಸಿಗೆ ಬಂದು, ಆ ಗೂಡು ಹೊಕ್ಕು, ಮಧ್ಯಾಹ್ನದವರೆಗೆ ಪಾಠ ನೋಡಿ ಹೋಗುತ್ತಿದ್ದಳು. ವಯಸ್ಸಿಗೆ ಬಂದ ಹುಡುಗಿ, ಸೈಬರ್ ಕೆಫೆಯ ಪರದೆ. ಊರಿಗೆ ಇನ್ನೇನು ಬೇಕು? ಚಹಾದಂಗಡಿಯಲ್ಲಿ ಒಬ್ಬ ಹೇಳಿದ, ಎರಡನೆಯವನು ಅದಕ್ಕೊಂದು ಹುಡುಗನನ್ನು ಸೇರಿಸಿದ, ಮೂರನೆಯವನು ಆ ಹುಡುಗನಿಗೆ ಕೆಂಪು ಮೋಟಾರ್ ಸೈಕಲ್ ಕೊಡಿಸಿದ. ಸುದ್ದಿ ಸಾಲಹಳ್ಳಿಗೆ ಮುಟ್ಟುವಷ್ಟರಲ್ಲಿ ಮಾಲಾ ಓಡಿಹೋಗುವುದೊಂದು ಬಾಕಿ ಇತ್ತು. ಪರದೆಯ ಹಿಂದೆ ನಿಜವಾಗಿ ನೋಡಬಾರದ್ದನ್ನು ನೋಡುತ್ತಿದ್ದ ಗಂಡುಮಕ್ಕಳೇ ಈ ಸುದ್ದಿಯನ್ನು ಹೆಚ್ಚು ಹಬ್ಬಿಸಿದರು. ಇದನ್ನು ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಒಂದು ದಿನ ಶಟ್ಟೆಪ್ಪ ಬಂದ. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕುಳಿತ. ಮಗಳು ಹೊರಗೆ ಬಂದಾಗ ಅವಳ ಮುಖ ನೋಡದೆ, "ನಡಿ, ಬಸ್ ಬಂತು" ಎಂದ. ಆ ಒಂದು ಮಾತಿನಲ್ಲೇ ಅವಳಿಗೆ ಊರಿನ ಸುದ್ದಿಯೆಲ್ಲ ತಿಳಿಯಿತು. ಮುಖ ಕೆಂಪಾಯಿತು. ಅವಳು ಬಸ್ಸು ಹತ್ತಲಿಲ್ಲ, ಸರಕ್ಕನೆ ಒಳಗೆ ಹೋದಳು.

"ಅಣ್ಣಾರ, ಈ ಪರದಿ ತಗೀರಿ."

"ತಗದ್ರ ಏನ ಬಂತವಾ? ಗೂಡ ಹಂಗ ಐತೆಲ್ಲ."

"ಹಂಗಾರ ಕಂಪ್ಯೂಟರ ಹೊರಗ ತರ್ರಿ. ಬಾಗಲದಾಗ ಇಡ್ರಿ. ಮಾರಿ ಬೀದಿ ಕಡೆ."

ಧೂಳು ಬರುತ್ತದೆ, ಬಿಸಿಲು ಹೊಡೆಯುತ್ತದೆ, ಮಂದಿ ಮುತ್ತುತ್ತಾರೆ ಎಂದು ನಾನು ಹತ್ತು ನೆಪ ಹೇಳಿದೆ. "ಮುತ್ತಲಿ. ಅದಕ್ಕ ಹೇಳಾಕತ್ತೇನಿ" ಎಂದಳು. ನಾನು ಕೈ ಹಾಕುವ ಮೊದಲೇ ಪರದೆಯನ್ನು ಜಗ್ಗಿ ಕಿತ್ತಳು. ಟೇಬಲ್ಲಿನ ಒಂದು ತುದಿ ಅವಳು ಹಿಡಿದಳು, ಇನ್ನೊಂದನ್ನು ವಿಧಿಯಿಲ್ಲದೆ ನಾನು ಹಿಡಿದೆ. ಬಾಗಿಲಲ್ಲಿ ಟೇಬಲ್ ಇಟ್ಟು, ಮಾನಿಟರನ್ನು ಬಸ್ ಸ್ಟ್ಯಾಂಡಿನ ಕಡೆ ತಿರುಗಿಸಿದಳು. ತಾನು ಪಕ್ಕಕ್ಕೆ ಸ್ಟೂಲು ಹಾಕಿಕೊಂಡು, ಜನಕ್ಕೆ ಬೆನ್ನು ಕೊಟ್ಟು ಕುಳಿತು, ಸ್ಪೀಕರಿನ ದನಿ ಪೂರ್ತಿ ಏರಿಸಿದಳು.

ಜನ ಮುತ್ತಿದರು. ಸಂತೆಗೆ ಬಂದವರು, ಆಟೋದವರು, ಮಗ್ಗದ ಕೆಲಸ ಬಿಟ್ಟು ಚಹಾಕ್ಕೆ ಬಂದ ನೇಕಾರರು. ಹುಡುಗಿ ಏನು ನೋಡುತ್ತಾಳೆಂದು ಬಾಯಿ ಚಪ್ಪರಿಸಿಕೊಂಡು ಬಂದವರಿಗೆ ಕಂಡದ್ದು ಮುದುಕ ಮಾಸ್ತರ. ಅವನು ಒಂದು ಗಾಜಿನ ಪೆಟ್ಟಿಗೆಯೊಳಗೆ ವಿಮಾನದ ರೆಕ್ಕೆಯ ತುಂಡು ಇಟ್ಟು, ಎದುರಿನಿಂದ ಹೊಗೆ ಬಿಡುತ್ತಿದ್ದ. ಹೊಗೆ ಎಳೆಎಳೆಯಾಗಿ ಬಂದು ರೆಕ್ಕೆಯ ಮೇಲೊಂದಿಷ್ಟು ಕೆಳಗೊಂದಿಷ್ಟು ಸಾಗುತ್ತಿತ್ತು. ಕೆಲವರು ನಿರಾಶರಾಗಿ ಹೋದರು. ಹೋಗದೆ ನಿಂತವರೂ ಇದ್ದರು. "ಅಲ್ಲವಾ, ಅದಕ್ಕ ಬೆಂಕಿ ಹತ್ತೈತೇನ?" ಎಂದು ಒಬ್ಬ ನೇಕಾರ ಕೇಳಿದ. "ಬೆಂಕಿ ಅಲ್ರಿ ಕಾಕಾ. ಗಾಳಿ ಕಾಣಂಗಿಲ್ಲಲ್ಲ, ಅದಕ್ಕ ಹೊಗಿ ಬಿಟ್ಟು ತೋರಸ್ತಾರ" ಎಂದಳು ಮಾಲಾ, ತಿರುಗಿ ನೋಡದೆ. ಶಟ್ಟೆಪ್ಪ ಅಷ್ಟು ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ. ಅವನ ಬಸ್ಸು ಹೋಗಿ ಎಷ್ಟೋ ಹೊತ್ತಾಗಿತ್ತು.

ಮರುದಿನದಿಂದ ಇದೇ ರೂಢಿಯಾಯಿತು. ಜನ ಬರುತ್ತಿದ್ದರು, ನಿಂತು ನೋಡುತ್ತಿದ್ದರು, ಕುಚೋದ್ಯ ಮಾಡುತ್ತಿದ್ದರು. "ಡ್ರೈವರಬಾಯಿ, ರಾಮದುರ್ಗದಾಗ ಸ್ಟಾಪ್ ಐತೇನ?" ಎಂದು ಆಟೋದವರು ಕೂಗಿದರೆ, "ನಿಮ್ಮಂಥಾ ಪ್ಯಾಸೆಂಜರ್ ಇದ್ರ ಇಲ್ಲ" ಎನ್ನುತ್ತಿದ್ದಳು. ಗೂಡುಗಳೊಳಗಿನ ನನ್ನ ಖಾಯಂ ಗಿರಾಕಿಗಳು ಇಷ್ಟು ಜನರ ಎದುರು ಒಳಗೆ ಹೋಗಲು ನಾಚಿ ಬರುವುದನ್ನೇ ಬಿಟ್ಟರು. ನನ್ನ ವ್ಯಾಪಾರಕ್ಕೆ ಕಲ್ಲು ಬಿತ್ತು. ಹೋಗಲಿ ಬಿಡು ಎಂದು ನಾನೂ ಹಟಕ್ಕೆ ಬಿದ್ದೆ.

ಆಗ ಮನೋಳಿಯಿಂದ ಶಂಕ್ರೆಪ್ಪ ಬಂದ. ಅವನಿಗೆ ಮುಟ್ಟಿದ್ದು ಹಳೆಯ ಸುದ್ದಿ, ಪರದೆ ಮತ್ತು ಕೆಂಪು ಮೋಟಾರ್ ಸೈಕಲ್ಲಿನದು. ಟ್ರ್ಯಾಕ್ಟರನ್ನು ಟ್ರೇಲರ್ ಸಮೇತ ಅಂಗಡಿಯ ಮುಂದೆ ನಿಲ್ಲಿಸಿ, ಎಂಜಿನ್ ಬಂದ್ ಮಾಡದೆ ಇಳಿದು ಬಂದ. ಜನರ ಗುಂಪನ್ನು ನೋಡಿ ಏನೋ ಅನಾಹುತವಾಗಿದೆ ಎಂದುಕೊಂಡಿರಬೇಕು. ಸರಿಸಿಕೊಂಡು ಮುಂದೆ ಬಂದರೆ ಮಾಲಾ ಸ್ಟೂಲಿನ ಮೇಲೆ, ಮಾನಿಟರಿನ ಮೇಲೆ ಮುದುಕ ಮಾಸ್ತರ. ಕೈಯೆತ್ತಿ ಬಂದವನಿಗೆ ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಸೊಂಟದ ಮೇಲಿಟ್ಟುಕೊಂಡ.

"ಏನ ಹೇಳಾಕತ್ತಾನ ಈ ಮುದಕ?"

"ಸ್ಟಾಲ್ ಅಂದ್ರ ಏನ ಅಂತ. ರೆಕ್ಕಿ ಸೋತು ವಿಮಾನ ಕುಸೀತೈತೆಲ್ಲ, ಅದು."

"ಅದರಾಗ ಹೇಳೂದೇನೈತಿ? ಗಾಡಿ ಸಾವಕಾಶ ಆತು, ಬಿತ್ತು. ಜೋರ ಹೊಡದ್ರ ಯಾಕ ಬೀಳತೈತಿ?"

"ಹಂಗಲ್ಲ ಮಾವಾ. ಎಷ್ಟ ಜೋರಿದ್ರೂ ಸ್ಟಾಲ್ ಆಗತೈತಿ. ಅದು ಸ್ಪೀಡಿನ ಮ್ಯಾಲ ಇಲ್ಲ, ರೆಕ್ಕಿ ಗಾಳಿಗೆ ಎಷ್ಟು ಓರಿ ಆಗೈತಿ ಅನ್ನೂದರ ಮ್ಯಾಲ ಐತಿ."

"ಯಾಕ?"

ಮಾಲಾ ಪಾಠದ ಇಂಗ್ಲಿಷ್ ವಾಕ್ಯವನ್ನು ಹೇಳಿದಳು. "ಅದು ಅವನ ಮಾತಾತು. ನೀ ಹೇಳು, ಯಾಕ?" ಎಂದು ಶಂಕ್ರೆಪ್ಪ ಮತ್ತೆ ಕೇಳಿದ. ಅವಳು ಅದೇ ಇಂಗ್ಲಿಷ್ ವಾಕ್ಯವನ್ನು ಮತ್ತೊಮ್ಮೆ ಹೇಳಿದಳು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು.

"ನಿಂಗ ತಿಳದಿಲ್ಲ. ಗಿಳಿಗತೆ ಹೇಳಾಕತ್ತಿ. ಅದಕ್ಕ ಎರಡ ಸಲ ಬಿದ್ದಿ" ಎಂದ ಶಂಕ್ರೆಪ್ಪ. ಅದು ನಿಜವಾಗಿತ್ತು, ಅದಕ್ಕೇ ಅವಳಿಗೆ ಆ ಮಾತು ಸೈಕಲ್ಲಿನ ಏಟಿಗಿಂತ ಜೋರಾಗಿ ತಾಗಿತು. ಕಣ್ಣು ತುಂಬಿದರೂ ಮಾನಿಟರಿನಿಂದ ಕೀಳಲಿಲ್ಲ. ಗೆದ್ದ ಹುರುಪಿನಲ್ಲಿ ಶಂಕ್ರೆಪ್ಪ ಜನರ ಕಡೆ ತಿರುಗಿದ.

"ಎಲ್ಲಾರೂ ಕೇಳ್ರಿ. ಈಕಿ ಈ ಪರೀಕ್ಷಾ ಪಾಸಾದ್ರ ನಾ ಇನ್ನ ಈಕಿನ್ನ ಕೇಳಾಂಗಿಲ್ಲ, ಎಲ್ಲಿ ಬೇಕಾದಲ್ಲಿ ಹಾರಲಿ. ನಪಾಸ ಆದ್ರ ಕಾರ್ತೀಕ ಮುಗಿಯೂದ್ರಾಗ ನಮ್ಮ ಲಗ್ನ. ಅಲ್ಲೀತನಾ ಯಾರೂ ಆಕಿನ್ನ ತಡವಬ್ಯಾಡ್ರಿ, ಓದಲಿ."

ಜನಕ್ಕೆ ಇಷ್ಟವಾಯಿತು. ಭಲೆ ಎಂದರು. ಮಾಲಾ ಏನೂ ಅನ್ನಲಿಲ್ಲ. ತಿರುಗುತ್ತಿದ್ದ ಚಕ್ರ ಸರಿದು ಪಾಠ ಮುಂದುವರಿದಿತ್ತು, ಅದನ್ನೇ ನೋಡುತ್ತಿದ್ದಳು.

ಶ್ರಾವಣದ ಒಂದು ಶುಕ್ರವಾರ ಸತ್ಯವ್ವ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟಳು. ಮಗಳು ನಪಾಸಾಗಲಿ ಎಂದು ಹರಕೆ ಹೊತ್ತಿದ್ದಳೋ ಏನೋ, ನಾನು ಕೇಳಲಿಲ್ಲ. ಬಾಡಿಗೆಯ ಟ್ರ್ಯಾಕ್ಸ್ ಜೀಪು, ನಡೆಸಲು ಶಂಕ್ರೆಪ್ಪ. ನನ್ನ ತಾಯಿ ಸಿದ್ದಲಿಂಗವ್ವನಿಗೂ ಗುಡ್ಡಕ್ಕೆ ಹೋಗುವ ಆಸೆ, ಹೀಗಾಗಿ ಅವಳ ಜೊತೆ ನಾನೂ ಹತ್ತಿದೆ. ಗುಡ್ಡದಲ್ಲಿ ಅಡುಗೆ ಮಾಡಿ ನೈವೇದ್ಯ ಹಿಡಿಯುವುದು ನಮ್ಮ ಕಡೆಯ ಪದ್ಧತಿ, ಆದ್ದರಿಂದ ಪಾತ್ರೆ, ಕಟ್ಟಿಗೆ, ಬೇಳೆ, ಅಕ್ಕಿ ಹಸನು ಮಾಡಲು ಸಂತೆಯಲ್ಲಿ ಕೊಂಡ ಹೊಸ ಬಿದಿರಿನ ಮೊರ, ಎಲ್ಲ ನಮ್ಮ ಕಾಲ ಬಳಿ ಇತ್ತು. ಮಾಲಾ ಹಿಂದಿನ ಕಿಟಕಿಯ ಪಕ್ಕ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು.

ನೇರ ರಸ್ತೆ ಬಂದಾಗ ಶಂಕ್ರೆಪ್ಪ ಗಾಡಿ ಜೋರು ಮಾಡಿದ. ಮಾಲಾ ಏನನ್ನು ನೆನೆಸಿಕೊಂಡಳೋ, ಮೊರವನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಹೊರಗೆ ಚಾಚಿದಳು. ಗಾಳಿಗೆ ಮಟ್ಟಸವಾಗಿ ಹಿಡಿದಾಗ ಅದು ಸುಮ್ಮನಿತ್ತು. ಮುಂದಿನ ಅಂಚನ್ನು ಸ್ವಲ್ಪ ಎತ್ತಿದಳು. ಮೊರ ಅವಳ ಕೈಯನ್ನು ಮೇಲಕ್ಕೆ ಜಗ್ಗಿತು. ಇನ್ನಷ್ಟು ಎತ್ತಿದಳು, ಇನ್ನೂ ಜೋರಾಗಿ ಜಗ್ಗಿತು. ಮತ್ತಷ್ಟು ಎತ್ತಿದ್ದೇ ತಡ, ಮೇಲಕ್ಕೆ ಜಗ್ಗುವುದು ಒಮ್ಮೆಲೇ ಸತ್ತುಹೋಯಿತು. ಮೊರ ಗಡಗಡ ನಡುಗಿ ಹಿಂದಕ್ಕೆ ತಳ್ಳತೊಡಗಿತು.

"ಮಾವಾ, ಇನ್ನೂ ಜೋರ ಹೊಡಿ!"

ಜೋರು ಹೊಡಿ ಎಂದರೆ ಶಂಕ್ರೆಪ್ಪನಿಗೆ ಮಾನ ಬಂದ ಹಾಗೆ. ಕಾಲು ಒತ್ತಿದ. ಟ್ರ್ಯಾಕ್ಸಿನ ತಗಡೆಲ್ಲ ಕುಣಿಯಿತು. ನನ್ನ ತಾಯಿ ಎಲ್ಲಮ್ಮನ ಹೆಸರನ್ನು ಗುಡ್ಡದವರೆಗೆ ಕಾಯದೆ ಅಲ್ಲಿಯೇ ಹಿಡಿದಳು. ಮಾಲಾ ಮತ್ತೆ ಮೊದಲಿನಿಂದ ಮಾಡಿದಳು. ಸ್ವಲ್ಪ ಎತ್ತಿದರೆ ಜಗ್ಗಾಟ, ಈ ಸಲ ತೋಳು ಕೀಳುವಷ್ಟು. ಅದೇ ಓರೆಗೆ ಬಂದ ಕೂಡಲೇ ಅದೇ ರೀತಿ ಸತ್ತಿತು, ಅದೇ ನಡುಕ.

"ನೋಡ ಮಾವಾ! ಜೋರ ಇದ್ರೂ ಸತ್ತತು! ಅಲ್ಲೇ ಸತ್ತತು!" ಎಂದು ಚೀರಿದಳು. ಆ ಸಂಭ್ರಮದಲ್ಲಿ ಹಿಡಿತ ಸಡಿಲಾಯಿತು. ಮೊರ ಕೈಬಿಟ್ಟು, ಗಾಳಿಯಲ್ಲಿ ಎರಡು ಲಾಗ ಹಾಕಿ, ಗೋವಿನಜೋಳದ ಹೊಲದಲ್ಲಿ ಮರೆಯಾಯಿತು.

ಗಾಡಿ ನಿಲ್ಲಿಸಿ ಎಲ್ಲರೂ ಹೊಲಕ್ಕೆ ಇಳಿದೆವು. ಮೊರ ಎಂದರೆ ಲಕ್ಷ್ಮಿ, ಅದನ್ನು ಬೀದಿಗೆ ಎಸೆದವಳು ಯಾವ ಮನೆ ಬೆಳಗುತ್ತಾಳೆ ಎಂದು ಸತ್ಯವ್ವ ಬಾಯಿ ಮಾಡಿದಳು. ಮಾಲಾ ಜೋಳದ ಗರಿ ಸರಿಸುತ್ತ ನನ್ನ ಹತ್ತಿರ ಬಂದಳು. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಅಣ್ಣಾರ, ನಂಗ ತಿಳೀತು. ಗಾಳಿ ರೆಕ್ಕೀ ಬೆನ್ನ ಹಿಡಕೊಂಡು ಹೋಗೂತನಾ ಎತ್ತತೈತಿ. ಭಾಳ ಓರಿ ಆದ್ರ ಬೆನ್ನ ಬಿಟ್ಟ ಹೋಗತೈತಿ. ಎಷ್ಟ ಜೋರ ಓಡಿದ್ರೂ ಅದು ಹೊಳ್ಳಿ ಹಿಡಿಯಂಗಿಲ್ಲ. ಮುದಕ ಇದನ್ನ ಹೇಳತಿದ್ದ. ಇಷ್ಟ ದಿವಸ ಇದನ್ನ ಹೇಳತಿದ್ದ."

ಶಂಕ್ರೆಪ್ಪ ಮೊರ ಹುಡುಕಿ ತಂದ. ಅಂಚು ಕಿತ್ತಿತ್ತು. ಅವಳ ಮಾತು ಅವನ ಕಿವಿಗೆ ಬಿದ್ದಿತ್ತು. "ಅದು ಮೊರ. ವಿಮಾನ ಅಲ್ಲ" ಎಂದು ಹೇಳಿ ಗಾಡಿ ಹತ್ತಿದ. ಆದರೆ ಗುಡ್ಡದವರೆಗೆ ಮತ್ತೆ ಜೋರು ಹೊಡೆಯಲಿಲ್ಲ.

ಅಂದಿನಿಂದ ನನ್ನ ಅಂಗಡಿಯ ಬಾಗಿಲಲ್ಲಿ ಪಾಠದ ರೀತಿಯೇ ಬದಲಾಯಿತು. ಜನ ಕೇಳಿದ್ದಕ್ಕೆ ಮಾಲಾ ಬೆನ್ನು ತಿರುಗಿಸಿಕೊಂಡು ಉತ್ತರ ಕೊಡುವುದನ್ನು ಬಿಟ್ಟು, ಸ್ಟೂಲನ್ನು ಅವರ ಕಡೆಗೇ ತಿರುಗಿಸಿಕೊಂಡಳು. ಮಾಸ್ತರ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಿಲ್ಲಿಸಿ ನಿಲ್ಲಿಸಿ ನಮ್ಮ ಮಾತಿನಲ್ಲಿ ಹೇಳುವಳು. ಹೇಳಲು ಬಾರದಿದ್ದರೆ ತನಗೂ ತಿಳಿದಿಲ್ಲವೆಂದು ಒಪ್ಪಿ ಮತ್ತೆ ಮೊದಲಿನಿಂದ ಹಚ್ಚುವಳು. ಚಹಾದಂಗಡಿಯವನಿಗೆ ತಿಳಿಯುವವರೆಗೆ ಮುಂದಿನ ಪಾಠಕ್ಕೆ ಹೋಗುವಂತಿಲ್ಲ ಎನ್ನುವುದು ಅವಳ ನಿಯಮ. ಚಹಾದಂಗಡಿಯವನ ತಲೆ ಭಾರಿ ಗಟ್ಟಿ. ಹೀಗಾಗಿ ಅವಳ ಓದು ಚೆನ್ನಾಗಿ ಹದಕ್ಕೆ ಬಂತು.

ಶಂಕ್ರೆಪ್ಪನೂ ಬರುತ್ತಿದ್ದ. ಟ್ರ್ಯಾಕ್ಟರಿನ ಸಾಮಾನು, ಗೊಬ್ಬರ, ಏನಾದರೊಂದು ನೆಪ. ಹಿಂದೆ ನಿಂತು, ಅವಳನ್ನು ಬೀಳಿಸಲೆಂದೇ ಪ್ರಶ್ನೆ ಎಸೆಯುತ್ತಿದ್ದ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆಯಲ್ಲ, ಆಗ ಏನು ಮಾಡುತ್ತಿ? ತಿರುವಿನಲ್ಲಿ ವಾಲಿದಾಗ ಭಾರ ಹೆಚ್ಚಾಗುವುದೇಕೆ? ಮೊದಮೊದಲು ತಲೆಗೆ ತೋಚಿದ್ದನ್ನು ಕೇಳುತ್ತಿದ್ದವನು ಬರಬರುತ್ತ ಪಾಠ ಗಮನವಿಟ್ಟು ನೋಡಿ ಕೇಳಲು ಶುರು ಮಾಡಿದ. ಅವಳು ತಡವರಿಸಿದರೆ ಮುಖ ಅರಳುವುದು, ಉತ್ತರ ಕೊಟ್ಟರೆ ಟ್ರ್ಯಾಕ್ಟರ್ ಹತ್ತಿ ಹೋಗುವುದು. ಮುಂಬೈಯ ಪರೀಕ್ಷೆಗಿಂತ ಬಿರುಸಾದ ಪರೀಕ್ಷೆಯನ್ನು ಆ ಮನುಷ್ಯ ಪುಕ್ಕಟೆ ನಡೆಸಿಕೊಟ್ಟ. ಅವಳು ಸೋಲಬೇಕೆಂಬ ಆಸೆಯಿಂದಲೇ ಇಷ್ಟೆಲ್ಲ ಮಾಡಿದ ಎನ್ನುವುದನ್ನು ನಾನು ಮರೆಯಲಾರೆ.

ಪರೀಕ್ಷೆಗೆ ಅಪ್ಪ ಮಗಳು ಕೂಡಿ ಹೊರಟರು. ರಾಮದುರ್ಗದಿಂದ ಸವದತ್ತಿ, ಅಲ್ಲಿಂದ ಬೈಲಹೊಂಗಲ, ಬಸ್ಸು ಬದಲಿಸುತ್ತ ಕಿತ್ತೂರಿನ ಹೈವೇ ಮುಟ್ಟಿದರು. ಮುಂಬೈ ಬಸ್ಸು ಅಲ್ಲಿ ಸಿಗಬೇಕಿತ್ತು. ಶಟ್ಟೆಪ್ಪ ನನಗೆ ಆಮೇಲೆ ಹೇಳಿದ. ಲಾರಿಗಳು ಸುಯ್ಯನೆ ಹೋಗುವುದನ್ನು ನೋಡುತ್ತ ನಿಂತಾಗ, "ನಂಗ ಅಂಜಕಿ ಆಗಾಕತ್ತೈತಿ ಮಗಳ" ಎಂದನಂತೆ. "ನಂಗೂ ಅಪ್ಪಾ" ಎಂದಳಂತೆ ಮಾಲಾ. ಬಸ್ಸು ಬಂತು, ರೊಟ್ಟಿಯ ಗಂಟು ಹಿಡಿದು ಇಬ್ಬರೂ ಹತ್ತಿದರು.

ಫಲಿತಾಂಶ ಇಂಟರ್ನೆಟ್ಟಿನಲ್ಲೇ ಬರುವುದಿತ್ತು, ಅಂದರೆ ನನ್ನ ಅಂಗಡಿಯಲ್ಲಿ. ಆ ದಿನ ಮನೋಳಿಯಿಂದ ಶಂಕ್ರೆಪ್ಪ ಬಂದ, ಸಾಲಹಳ್ಳಿಯಿಂದ ಸತ್ಯವ್ವ, ಶಟ್ಟೆಪ್ಪ ಬಂದರು. ಸತ್ಯವ್ವನ ಚೀಲದಲ್ಲಿ ಹೊಸ ಸೀರೆಯ ತುದಿ ಕಾಣುತ್ತಿತ್ತು. ಲಗ್ನದ ಸೀರೆಯೇ ಇರಬೇಕು ಎಂದುಕೊಂಡೆ. ಬಸ್ ಸ್ಟ್ಯಾಂಡಿನ ಜನರೂ ಸೇರಿದರು. "ಒಳಗ ಹೋಗಿ ನೋಡೂಣೇನ ತಂಗಿ?" ಎಂದು ಕೇಳಿದೆ. "ಯಾಕ? ಇಲ್ಲೇ ನೋಡೂಣ" ಎಂದಳು. ದೇಶದ ಹುಡುಗರೆಲ್ಲ ಒಂದೇ ಹೊತ್ತಿಗೆ ನುಗ್ಗಿದ್ದರಿಂದ ಪುಟ ತೆರೆಯಲಿಲ್ಲ. ಮತ್ತೆ ಮತ್ತೆ ಒತ್ತಿದೆ. ಕೊನೆಗೆ ಅವಳ ನಂಬರು, ಅದರ ಮುಂದೆ ಪಾಸ್ ಎಂಬ ಅಕ್ಷರ.

ಚಹಾದಂಗಡಿಯವನು ಕೂಗಿದ ಕೂಗು ಡಿಪೋದವರೆಗೆ ಕೇಳಿರಬೇಕು. ಶಟ್ಟೆಪ್ಪ ರುಮಾಲಿನಿಂದ ಮುಖ ಮುಚ್ಚಿಕೊಂಡ. ನಾನು ಅತ್ತೆ. ನನಗೆ ನಾಚಿಕೆಯೇನಿಲ್ಲ, ಗಟ್ಟಿಯಾಗಿಯೇ ಅತ್ತೆ.

ಗದ್ದಲ ತಗ್ಗಿದಾಗ ಸತ್ಯವ್ವ ಮುಂದೆ ಬಂದು ಮಗಳ ತಲೆ ಸವರಿದಳು. "ಪಾಸಾದಿ. ಭಾಳ ಚಲೋ ಆತು. ನಿನ್ನ ಹಟಾ ಮುಗೀತಲ್ಲ? ಇನ್ನ ಲಗ್ನಾ ಮಾಡ್ಕೊ. ತಗೋ ಸೀರಿ."

"ಮಾವ ಏನಂದಿದ್ದ ಅವ್ವಾ?"

"ಬೀದ್ಯಾಗ ಅಂದದ್ದೇನ ಕಲ್ಲಿನ ಮ್ಯಾಲ ಕೊರದದ್ದೇನ? ಹಿರ್ಯಾರ ಎಲಿ-ಅಡಿಕಿ ಕೊಟ್ಟಾರ."

ಜನ ಗೊಣಗಿದರು. "ಮಾತ ಮಾತರೀ ಯವ್ವಾ, ನಾವೆಲ್ಲಾ ಕೇಳೇವಿ" ಎಂದ ಒಬ್ಬ ಆಟೋದವ. ಎಲ್ಲರೂ ಶಂಕ್ರೆಪ್ಪನ ಮುಖ ನೋಡಿದರು. ಅವನು ನೆಲ ನೋಡುತ್ತ ನಿಂತಿದ್ದ. ಇಷ್ಟು ವರ್ಷ ಕಾದ ಮನುಷ್ಯ, ಅವನ ಸಂಕಟ ಸುಳ್ಳಲ್ಲ. ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದ.

"ಅಕ್ಕಾ, ಸೀರಿ ಒಳಗ ಇಡು. ಆಡಿದ ಮಾತಿಗೆ ನಾ ತಪ್ಪಂಗಿಲ್ಲ. ಮಾಲಾ, ನಿನ್ನ ಬಿಟ್ಟೇನಿ. ಹೋಗು."

ಗಂಡಸೆಂದರೆ ಇವನು ಎಂದು ಜನ ಚಪ್ಪಾಳೆ ತಟ್ಟಲು ಶುರು ಮಾಡಿದರು. ಯಾರೋ ಅವನ ಬೆನ್ನು ಚಪ್ಪರಿಸಿದರು. ಪರೀಕ್ಷೆ ಪಾಸಾದವಳನ್ನು ಬಿಟ್ಟು ಎಲ್ಲರೂ ಅವನನ್ನು ಸುತ್ತಿಕೊಂಡರು. ಮಾಲಾ ಸ್ಟೂಲಿನಿಂದ ಎದ್ದು ನಿಂತಳು.

"ಚಪ್ಪಾಳಿ ಸಾಕ ಮಾಡ್ರಿ. ಮಾವಾ, ನೀ ಬಿಡಾಕ ನಾ ನಿನ್ನ ಕೈಯಾಗ ಯಾವಾಗ ಇದ್ನಿ? ನಪಾಸ ಆಗಿದ್ರೂ ನಾ ನಿನ್ನ ಲಗ್ನಾ ಆಗತಿರಲಿಲ್ಲ. ಮತ್ತ ಪರೀಕ್ಷಾಕ್ಕ ಕುಂದರತಿದ್ನಿ. ಸೀಟ ಹೋಗಿದ್ರ ಬ್ಯಾರೆ ಸೀಟ ಹುಡಕತಿದ್ನಿ."

ಚಪ್ಪಾಳೆ ನಿಂತಿತು. ಶಂಕ್ರೆಪ್ಪನ ಮುಖದ ಬಣ್ಣ ಹೋಯಿತು.

"ಹಂಗಾರ ಅವತ್ತ ನಾ ಮಾತ ಕೊಟ್ಟಾಗ ಯಾಕ ಸುಮ್ಮ ಕುಂತಿ? ಇಲ್ಲ ಅನ್ನಬೇಕಿತ್ತಿಲ್ಲೋ?"

"ಅಂದಿದ್ರ ಅವತ್ತ ಟ್ರೇಲರಿನಾಗ ಹಾಕ್ಕೊಂಡ ಹೊಕ್ಕಿದ್ದಿ. ಓದಾಕ ನಂಗ ಟೈಮ್ ಬೇಕಾಗಿತ್ತು ಮಾವಾ. ನೀ ಕೊಟ್ಟಿ."

ಸತ್ಯವ್ವ ಚೀಲವನ್ನು ಎದೆಗೆ ಅವಚಿಕೊಂಡು, ತಾನು ಹೆತ್ತ ಹುಡುಗಿಯನ್ನು ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಶಂಕ್ರೆಪ್ಪ ಟ್ರ್ಯಾಕ್ಟರಿನ ಕಡೆಗೆ ನಡೆದ. ಮಾಲಾ ನನ್ನ ಕಡೆ ತಿರುಗಿ ಬೆಂಗಳೂರಿನ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದಳು.